ಒಂದೇ ಕ್ಯಾಮೆರಾಕ್ಕೆ ಸೆರೆಸಿಕ್ಕ ರಕ್ತಪಿಶಾಚಿ

ಜರ್ಮನಿಯ ನಿರ್ದೇಶಕ ಎಫ್. ಡಬ್ಲ್ಯು. ಮುರ್ನೌ 1921ರಲ್ಲಿ ‘ನೊಸ್ಫೆರಾಟು’ ಮೂಕಿ ಚಿತ್ರದ ಚಿತ್ರೀಕರಣಕ್ಕೆ ಹೊರಟಾಗ, ಹಣದ ಕೊರತೆಯಿಂದಾಗಿ ಛಾಯಾಗ್ರಾಹಕ ಫ್ರಿಟ್ಸ್ ಆರ್ನೊ ವಾಗ್ನರ್ ಬಳಿ ಇದ್ದದ್ದು ಒಂದೇ ಕ್ಯಾಮೆರಾ. ರಕ್ತವನ್ನು ತೀರಾ ಕಡಿಮೆ ತೋರಿಸುವ ಈ ಚಿತ್ರ ಶತಮಾನ ಕಳೆದರೂ ಮೈ ನಡುಗಿಸುವುದಕ್ಕೆ ಕಥೆಗಿಂತಲೂ ಫಿಲ್ಮಿನ ಗುಣ ಮತ್ತು ನಮ್ಮ ಮಿದುಳಿನ ಸ್ವಭಾವಗಳೇ ಹೆಚ್ಚಿನ ಕಾರಣವೆಂದು ನನಗೆ ಅನ್ನಿಸುತ್ತದೆ.

ಮೊದಲು ಚಲನೆಯನ್ನೇ ನೋಡೋಣ. ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದ ಆ ಕಾಲದಲ್ಲಿ, ಅದನ್ನು ನಿಧಾನವಾಗಿ ತಿರುಗಿಸಿದರೆ ಸೆಕೆಂಡಿಗೆ ಸೆರೆಯಾಗುವ ಚೌಕಟ್ಟುಗಳು ಕಡಿಮೆಯಾಗಿ, ಪರದೆಯ ಮೇಲಿನ ಓಟಕ್ಕೆ ಎಲ್ಲೂ ಕಾಣದ ಒಂದು ಅವಸರ ಬರುತ್ತಿತ್ತು. ಚಿತ್ರದ ರಕ್ತಪಿಶಾಚಿಯಾದ ಕೌಂಟ್ ಓರ್ಲಾಕ್‌ನ ಕುದುರೆಗಾಡಿ ಕಾಡಿನಲ್ಲಿ ಧಾವಿಸುವುದು ಹೀಗೆಯೇ. ಹಡಗಿನಲ್ಲಂತೂ ಅವನು ಮೊಣಕಾಲನ್ನಾಗಲಿ ಸೊಂಟವನ್ನಾಗಲಿ ಬಾಗಿಸದೆ, ಹಲಗೆಯೊಂದು ಎದ್ದು ನಿಂತಂತೆ ಶವಪೆಟ್ಟಿಗೆಯಿಂದ ಮೇಲೇಳುತ್ತಾನೆ. ಕತ್ತಲಲ್ಲಿ ನಡೆಯುವವರ ಕೀಲುಗಳಿಗೆ ಅಂಟಿಸಿದ ಹತ್ತಾರು ಬೆಳಕಿನ ಚುಕ್ಕೆಗಳಷ್ಟೇ ಕಂಡರೂ ನೋಡುವವರು ಅದು ಮನುಷ್ಯನ ನಡಿಗೆಯೆಂದು ತಕ್ಷಣ ಗುರುತಿಸುತ್ತಾರೆ ಎಂಬುದನ್ನು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ 1973ರಲ್ಲಿ ವಿವರಿಸಿದರು. ಜೀವಂತ ದೇಹದ ಚಲನೆಯ ಬಗ್ಗೆ ಇಷ್ಟು ಸೂಕ್ಷ್ಮವಾಗಿರುವ ಮಿದುಳಿಗೆ, ಮನುಷ್ಯನ ಆಕಾರವಿದ್ದೂ ಮನುಷ್ಯನಂತೆ ಏಳದ ಈ ದೇಹ ಒಪ್ಪಿಗೆಯಾಗುವುದಾದರೂ ಹೇಗೆ?

ಮೆಟ್ಟಿಲೇರುವ ಆ ಪ್ರಸಿದ್ಧ ನೆರಳಿನಲ್ಲಿ ಕಾಣುವುದು ಬಾಗಿದ ಬೆನ್ನು ಮತ್ತು ನೀಳವಾದ ಬೆರಳುಗಳು ಮಾತ್ರ. ಅಪಾಯದ ಸುಳಿವಿದ್ದು ಅದರ ಸ್ವರೂಪ ಸ್ಪಷ್ಟವಾಗದಿದ್ದಾಗ ಮಿದುಳು ಎಚ್ಚರವನ್ನು ಸಡಿಲಿಸುವುದಿಲ್ಲ. ಎದೆಬಡಿತ ಏರುತ್ತದೆ, ಉಳಿದ ಆಕೃತಿಯನ್ನು ಕಲ್ಪನೆ ತುಂಬಿಕೊಳ್ಳುತ್ತದೆ. ಕಾಡಿನ ಒಂದು ದೃಶ್ಯದಲ್ಲಿ ಮುರ್ನೌ ನೆಗೆಟಿವ್ ಬಿಂಬವನ್ನೇ ಬಳಸಿದ್ದರಿಂದ ಮರಗಳು ಬೆಳ್ಳಗೆ, ಆಕಾಶ ಕಪ್ಪಗೆ ಕಾಣುತ್ತವೆ. ದುಬಾರಿ ರಂಗಸಜ್ಜಿಕೆಯೊಂದೂ ಇಲ್ಲದೆ ಪರಿಚಿತ ಲೋಕ ಹೀಗೆ ತಲೆಕೆಳಗಾಗುವುದು ನನಗಂತೂ ಇಡೀ ಚಿತ್ರದ ಅತ್ಯಂತ ಸುಂದರ ಕ್ಷಣ.

ರಾತ್ರಿಯ ಹೊರಾಂಗಣ ದೃಶ್ಯಗಳನ್ನು ಹಗಲಿನಲ್ಲಿ ಚಿತ್ರೀಕರಿಸಿ, ಆಮೇಲೆ ಪ್ರತಿಗಳಿಗೆ ನೀಲಿ ಬಣ್ಣ ಹಚ್ಚಲಾಗಿತ್ತು. ಬ್ರಾಮ್ ಸ್ಟೋಕರ್ ಅವರ 1897ರ ‘ಡ್ರಾಕುಲಾ’ ಕಾದಂಬರಿಯಿಂದ ಅನುಮತಿಯಿಲ್ಲದೆ ಕಥೆಯನ್ನು ತೆಗೆದುಕೊಂಡಿದ್ದಕ್ಕಾಗಿ ಅವರ ಪತ್ನಿ ಮೊಕದ್ದಮೆ ಹೂಡಿ, 1925ರಲ್ಲಿ ಎಲ್ಲ ಪ್ರತಿಗಳನ್ನೂ ನಾಶಪಡಿಸಬೇಕೆಂಬ ಆದೇಶ ಬಂದರೂ ಕೆಲವು ಪ್ರತಿಗಳು ಉಳಿದುಕೊಂಡವು. ಮುಂದೆ ಬಹುಕಾಲ ಜನ ನೋಡಿದ್ದು ಬಣ್ಣವಿಲ್ಲದ ಕಪ್ಪು-ಬಿಳುಪು ಪ್ರತಿಗಳನ್ನು; ಅವುಗಳಲ್ಲಿ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ಹೊತ್ತು ಹಾಡಹಗಲಿನಲ್ಲೇ ಊರಿನೊಳಗೆ ನಡೆದು ಬರುತ್ತಾನೆ. ಸ್ಟೋಕರ್‌ನ ಡ್ರಾಕುಲಾ ಹಗಲಿನಲ್ಲಿಯೂ ಓಡಾಡಬಲ್ಲವನಾಗಿದ್ದ. ಸೂರ್ಯನ ಬೆಳಕು ರಕ್ತಪಿಶಾಚಿಯನ್ನು ಕೊಲ್ಲುತ್ತದೆಂಬ ಕಲ್ಪನೆಯನ್ನು ತೆರೆಗೆ ತಂದದ್ದು ಈ ಚಿತ್ರವೇ. ಆದ್ದರಿಂದ ಹಳೆಯ ಬಣ್ಣದ ಪ್ರತಿಯ ಆಧಾರದ ಮೇಲೆ ಚಿತ್ರವನ್ನು ಪುನರುಜ್ಜೀವಗೊಳಿಸಿದವರು ಆ ನೀಲಿಯನ್ನು ಮರಳಿ ತಂದಾಗಲೇ, ಕೊನೆಯಲ್ಲಿ ಕಿಟಕಿಯಾಚೆ ಮೂಡುವ ಬೆಳಗಿಗೆ ಓರ್ಲಾಕ್‌ನನ್ನು ಹೊಗೆಯಾಗಿ ಕರಗಿಸುವ ಶಕ್ತಿ ಮತ್ತೆ ದೊರೆಯಿತು.