ಲಾರಿ ಆಫೀಸಿಗೆ ಇಆರ್‌ಪಿನೆಕ್ಸ್ಟ್: ಎಲ್‌ಆರ್ ಬೇರೆ, ಟ್ರಿಪ್ ಬೇರೆ

ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಯ ಒಂದು ಲಾರಿ ಆಫೀಸಿನಲ್ಲಿ ನಾನು ಲೆಕ್ಕ ನೋಡಿಕೊಳ್ಳುತ್ತೇನೆ. ಪುಣೆಯಲ್ಲಿ ಇದೇ ಕಸುಬಿನಲ್ಲಿದ್ದು ಇಆರ್‌ಪಿನೆಕ್ಸ್ಟ್ ಕಲಿಯುತ್ತಿರುವ ನಮ್ಮ ಕನ್ನಡದ ಗೆಳೆಯರಿಗಾಗಿ ಈ ಟಿಪ್ಪಣಿ.

ಇಆರ್‌ಪಿನೆಕ್ಸ್ಟ್ ಅಂದರೆ ವ್ಯಾಪಾರದ ಲೆಕ್ಕ, ಬಿಲ್, ಸ್ಟಾಕ್ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್, ಮುಂಬೈನ ಫ್ರಾಪ್ಪೆ ಕಂಪನಿ ಕಟ್ಟಿದ್ದು. ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಲೈಸೆನ್ಸ್ ಜಿಪಿಎಲ್. ಇದರಲ್ಲಿ ಪ್ರತಿಯೊಂದು ಫಾರ್ಮೂ ಒಂದು ಡಾಕ್‌ಟೈಪ್. ಬೇಕಾದ ಡಾಕ್‌ಟೈಪನ್ನು ನಾವೇ ಮಾಡಿಕೊಳ್ಳಬಹುದು. ಲಾರಿ ಆಫೀಸಿಗೆ ಇದು ಒಗ್ಗುವುದೇ ಆ ಕಾರಣಕ್ಕೆ.

ಮೊದಲು ಒಂದು ಮಾತು ತಲೆಗೆ ಹತ್ತಬೇಕು. ಈ ಸಾಫ್ಟ್‌ವೇರ್ ಮುಖ್ಯವಾಗಿ ಮಾಲು ಕೊಂಡು ಅಥವಾ ತಯಾರಿಸಿ ಮಾರುವವರನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು. ನಮ್ಮ ಲಾರಿಯಲ್ಲಿರುವ ಮಾಲು ನಮ್ಮದಲ್ಲ, ಅಲ್ವಾ? ಹಾಗಾಗಿ ಗಿರಾಕಿಯ ಮಾಲನ್ನು ಐಟಂ ಪಟ್ಟಿಗೆ, ಸ್ಟಾಕಿಗೆ ಸೇರಿಸಲು ಹೋಗಬೇಡಿ. ನಾವು ಮಾರುವುದು ಬಾಡಿಗೆ ಮಾತ್ರ. 'ಬಾಡಿಗೆ' ಅಂತ ಒಂದೇ ಐಟಂ ಮಾಡಿ, 'ಮೇಂಟೇನ್ ಸ್ಟಾಕ್' ಟಿಕ್ ತೆಗೆದುಬಿಡಿ. 'ಡೆಲಿವರಿ ಟ್ರಿಪ್' ಅನ್ನುವ ಡಾಕ್‌ಟೈಪ್ ಮೊದಲೇ ಇದೆ. ಹೆಸರು ನೋಡಿ ನಮಗೇ ಮಾಡಿದ್ದು ಅನ್ನಿಸುತ್ತದೆ. ಆದರೆ ಅದು ತನ್ನ ಗೋಡೌನಿನ ಮಾಲನ್ನು ತನ್ನ ಗಿರಾಕಿಗಳಿಗೆ ತಲುಪಿಸುವ ಕಂಪನಿಗೆ. ನಮಗೆ ಕೂಡಿಬರುವುದಿಲ್ಲ.

ನಮಗೆ ಬೇಕಾಗಿರುವುದು ಎರಡು ಹೊಸ ಡಾಕ್‌ಟೈಪ್: ಎಲ್‌ಆರ್ (ಲಾರಿ ರಸೀದಿ) ಮತ್ತು ಟ್ರಿಪ್. ಎರಡನ್ನೂ ಯಾಕೆ ಬೇರೆ ಇಡಬೇಕು ಅನ್ನುವುದು ನನಗೆ ಪೆಟ್ಟು ತಿಂದ ಮೇಲೆ ಗೊತ್ತಾಯಿತು. ಮೊದಲ ಸಲ ನಾನು ಲಾರಿ ನಂಬರ್, ಡ್ರೈವರ್, ಡೀಸೆಲ್, ಅಡ್ವಾನ್ಸ್ ಎಲ್ಲವನ್ನೂ ಎಲ್‌ಆರ್ ಫಾರ್ಮಿನಲ್ಲೇ ಇಟ್ಟಿದ್ದೆ. ಚಾಕಣದಿಂದ ಬೆಂಗಳೂರಿಗೆ ಬಿಡಿಭಾಗ ತುಂಬಿಕೊಂಡು ಹೊರಟ ಗಾಡಿ ಖಂಬಾಟ್ಕಿ ಘಾಟಿನ ಕೆಳಗೆ ಕೆಟ್ಟು ನಿಂತಿತು. ಮಾಲನ್ನು ಒಂದು ಮಾರ್ಕೆಟ್ ಗಾಡಿಗೆ (ಹೊರಗಿನವರಿಂದ ಬಾಡಿಗೆಗೆ ಹಿಡಿದ ಲಾರಿಗೆ) ಬದಲಾಯಿಸಿ ಕಳಿಸಿದೆವು. ಎಲ್‌ಆರ್‌ನಲ್ಲಿ ಲಾರಿ ನಂಬರ್ ಬದಲಿಸಿದೆ ನೋಡಿ, ಮೊದಲ ಗಾಡಿಗೆ ಹಾಕಿಸಿದ ಡೀಸೆಲ್ ಮತ್ತು ಅಡ್ವಾನ್ಸ್ ಎರಡೂ ಮಾರ್ಕೆಟ್ ಗಾಡಿಯ ಹೆಸರಿಗೆ ಹೋಗಿ ಕೂತವು. ತಿಂಗಳ ಕೊನೆಗೆ ಲೆಕ್ಕ ಬಿಡಿಸುವಷ್ಟರಲ್ಲಿ ಸಾಕಾಗಿ ಹೋಯಿತು.

ಎಲ್‌ಆರ್ ಅಂದರೆ ಮಾಲಿನ ಕಾಗದ. ಟ್ರಿಪ್ ಅಂದರೆ ಗಾಡಿಯ ಓಟ. ಪಾರ್ಟ್ ಲೋಡ್ (ಹಲವು ಪಾರ್ಟಿಗಳ ಮಾಲು ಒಂದೇ ಗಾಡಿಯಲ್ಲಿ) ಇದ್ದರೆ ಒಂದೇ ಟ್ರಿಪ್‌ನಲ್ಲಿ ಹತ್ತು ಎಲ್‌ಆರ್ ಇರುತ್ತವೆ. ಗಾಡಿ ಬದಲಾದರೆ ಒಂದೇ ಎಲ್‌ಆರ್ ಎರಡು ಟ್ರಿಪ್‌ಗಳಲ್ಲಿ ಬರುತ್ತದೆ. ಆದ್ದರಿಂದ ಟ್ರಿಪ್ ಒಳಗೆ ಒಂದು ಚೈಲ್ಡ್ ಟೇಬಲ್ (ಫಾರ್ಮಿನೊಳಗಿನ ಸಾಲುಪಟ್ಟಿ) ಇಡಿ. ಅದರ ಪ್ರತಿ ಸಾಲಿನಲ್ಲಿ ಒಂದು ಎಲ್‌ಆರ್, ಎಷ್ಟು ನಗ (ಪೆಟ್ಟಿಗೆ, ಮೂಟೆ), ಎಲ್ಲಿಂದ ಎಲ್ಲಿಗೆ. ಡೀಸೆಲ್, ಟೋಲ್, ಡ್ರೈವರ್ ಭತ್ಯೆ ಟ್ರಿಪ್‌ಗೆ. ಬಾಡಿಗೆ, ಹಮಾಲಿ, ಹಾಲ್ಟಿಂಗ್ (ಗಾಡಿ ಕಾಯಿಸಿದ್ದಕ್ಕೆ ಹಣ) ಎಲ್‌ಆರ್‌ಗೆ.

ಎಲ್‌ಆರ್‌ನಲ್ಲಿ ಕಳಿಸುವವರು, ತೆಗೆದುಕೊಳ್ಳುವವರು ಇಬ್ಬರೂ ಬೇಕು. ಜೊತೆಗೆ 'ಬಿಲ್ ಯಾರಿಗೆ' ಅನ್ನುವ ಮೂರನೇ ಜಾಗವೂ ಬೇಕು. ಬಾಡಿಗೆ ಪೇಡ್ ಆದರೆ ಕಳಿಸುವವರಿಗೆ, ಟು ಪೇ ಆದರೆ ತೆಗೆದುಕೊಳ್ಳುವವರಿಗೆ, ಟಿಬಿಬಿ (ಟು ಬಿ ಬಿಲ್ಡ್, ಬಿಲ್ ಆಮೇಲೆ) ಆದರೆ ಖಾತೆ ಇರುವ ಪಾರ್ಟಿಗೆ. ಇನ್‌ವಾಯ್ಸ್‌ನಲ್ಲಿ ಗಿರಾಕಿ ಒಬ್ಬರೇ ಇರುವುದರಿಂದ ಈ ಜಾಗದ ಹೆಸರನ್ನೇ ಅಲ್ಲಿಗೆ ಎಳೆದುಕೊಳ್ಳಬೇಕು. ನಿಜ ತೂಕ ಮತ್ತು ಚಾರ್ಜ್ ತೂಕ ಬೇರೆ ಬೇರೆ ಇರಲಿ. ಹಗುರವಾದ, ಜಾಗ ಜಾಸ್ತಿ ತಿನ್ನುವ ಮಾಲಿಗೆ ಬಾಡಿಗೆ ಬೀಳುವುದು ಎರಡನೆಯದರ ಮೇಲೆ.

ಇ-ವೇ ಬಿಲ್ (ಜಿಎಸ್‌ಟಿ ಅಡಿಯಲ್ಲಿ ಮಾಲು ಸಾಗಿಸಲು ಆನ್‌ಲೈನ್ ತೆಗೆಯುವ ಕಾಗದ) ವಿಷಯದಲ್ಲೂ ಇದೇ ವಿಂಗಡಣೆ ಕೈ ಹಿಡಿಯುತ್ತದೆ. ಭಾಗ ಎ ಮಾಲಿನದು, ಸಾಮಾನ್ಯವಾಗಿ ಪಾರ್ಟಿಯೇ ತುಂಬುತ್ತದೆ. ಭಾಗ ಬಿ ಗಾಡಿಯದು. ದಾರಿಯಲ್ಲಿ ಗಾಡಿ ಬದಲಾದರೆ ಮುಂದೆ ಹೊರಡುವ ಮೊದಲು ಭಾಗ ಬಿ ತಿದ್ದಲೇಬೇಕು. ಅಂದರೆ ಇ-ವೇ ಬಿಲ್ ನಂಬರ್ ಎಲ್‌ಆರ್‌ನಲ್ಲಿ ಇರಬೇಕು, ಭಾಗ ಬಿ ತಿದ್ದಿದ ಸಮಯ ಟ್ರಿಪ್‌ನ ಸಾಲಿನಲ್ಲಿ. ಸಾಮಾನ್ಯ ಮಾಲಿಗೆ ಪ್ರತಿ 200 ಕಿಲೋಮೀಟರಿಗೆ, ಅಥವಾ ಅದರ ತುಂಡಿಗೆ, ಇ-ವೇ ಬಿಲ್‌ಗೆ ಒಂದು ದಿನದ ಅವಧಿ ಸಿಗುತ್ತದೆ. ಪುಣೆಯಿಂದ ಬೆಂಗಳೂರಿಗೆ ಸುಮಾರು 840 ಕಿಲೋಮೀಟರ್, ಅಂದರೆ 5 ದಿನ. ಅವಧಿ ಹೆಚ್ಚಿಸಿಕೊಳ್ಳಲು ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯವರೆಗೆ ಮಾತ್ರ ಅವಕಾಶ. ಇದಕ್ಕೆ ನೋಟಿಫಿಕೇಶನ್ ಹಾಕಿಡಿ. ನೆನಪಿನ ಮೇಲೆ ಬಿಡುವ ಕೆಲಸ ಇದಲ್ಲ.

ಎಲ್‌ಆರ್ ಸಬ್‌ಮಿಟ್ ಆದ ಮೇಲೆ ಯಾರೂ ತಿದ್ದುವಂತಿಲ್ಲ, ಅದು ಒಳ್ಳೆಯದೇ. ಆದರೆ ಸಹಿ ಬಿದ್ದ ಪಿಒಡಿ (ಮಾಲು ತಲುಪಿದ್ದಕ್ಕೆ ರಸೀದಿ) ಬರುವುದು ದಿನಗಳ ನಂತರ. ಅದಕ್ಕೆ ಪಿಒಡಿ ತಾರೀಖು, ಅದರ ಫೋಟೋ, ಶಾರ್ಟೇಜ್ ಈ ಮೂರು ಫೀಲ್ಡ್‌ಗಳಿಗೆ ಮಾತ್ರ 'ಅಲೋ ಆನ್ ಸಬ್‌ಮಿಟ್' ಕೊಡಿ. ಮಾರ್ಕೆಟ್ ಗಾಡಿಯವರ ಬಾಕಿ ಹಣ ಪಿಒಡಿ ಇಲ್ಲದೆ ಬಿಡದಂತೆ ಒಂದು ಚೆಕ್ ಬರೆದಿಡಿ.

ಪ್ರತಿ ಗಾಡಿಯ ಲಾಭ ನಷ್ಟ ನೋಡಬೇಕೆಂದರೆ ವೆಹಿಕಲ್ ಅನ್ನು ಅಕೌಂಟಿಂಗ್ ಡೈಮೆನ್ಷನ್ ಮಾಡಿ. ಆಗ ಖರ್ಚಿನ ಎಂಟ್ರಿಗಳಲ್ಲಿ ಗಾಡಿ ನಂಬರ್ ಕೇಳುತ್ತದೆ, ರಿಪೋರ್ಟ್‌ನಲ್ಲೂ ಅದೇ ನಂಬರಿನ ಮೇಲೆ ಸೋಸಿ ನೋಡಬಹುದು.

ಇಷ್ಟನ್ನೂ ಮೂಲ ಕೋಡಿನಲ್ಲಿ ಕೈಯಾಡಿಸದೆ, ಬೇರೆಯೇ ಒಂದು ಕಸ್ಟಮ್ ಆ್ಯಪ್‌ನಲ್ಲಿ ಮಾಡಿ. ಇಲ್ಲದಿದ್ದರೆ ಅಪ್‌ಡೇಟ್ ಬಂದ ದಿನ ಮಾಡಿದ್ದೆಲ್ಲ ಸಿಕ್ಕುಸಿಕ್ಕಾಗುತ್ತದೆ.

ಪ್ರಿಂಟ್ ಫಾರ್ಮ್ಯಾಟ್ ಕನ್ನಡದಲ್ಲೂ ಸಲೀಸಾಗಿ ಬರುತ್ತದೆ. ನಮ್ಮ ಡ್ರೈವರ್‌ಗಳಲ್ಲಿ ವಿಜಯಪುರದ ಕಡೆಯವರು ಜಾಸ್ತಿ. ಟ್ರಿಪ್ ಶೀಟನ್ನು ಕನ್ನಡದಲ್ಲಿ ಪ್ರಿಂಟ್ ಮಾಡಿ ಒಬ್ಬರ ಕೈಗೆ ಕೊಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ಓದಿದರು: ಡೀಸೆಲ್, ಟೋಲ್, ಭತ್ಯೆ, ಊಟ. ಆಮೇಲೆ ತಲೆ ಎತ್ತಿ ಕೇಳಿದರು, "ಸರ, ಪಂಚರ್ ಖರ್ಚು ಎಲ್ಲಿ ಬರೀಲಿ?" ಆ ಸಾಲು ಇರಲಿಲ್ಲ. ಅವರು ನಿಂತಿದ್ದಂತೆಯೇ ಸೇರಿಸಿ, ಹೊಸ ಹಾಳೆ ತೆಗೆದುಕೊಟ್ಟೆ.