ಅಂಚಿಲ್ಲದ ಚೀಲ

2021ರಲ್ಲಿ ಕಪ್ಪು ಶಿಲೀಂಧ್ರದ ಕಾಯಿಲೆ ಹೆಚ್ಚಾದಾಗ ಕರ್ನಾಟಕದ ಆಸ್ಪತ್ರೆಗಳಲ್ಲೂ ಒಂದು ಇಂಜೆಕ್ಷನ್ನಿಗೆ ಪರದಾಟ ಶುರುವಾಯಿತು: ಲೈಪೋಸೋಮಲ್ ಆಂಫೋಟೆರಿಸಿನ್ ಬಿ. ಔಷಧ ಹಳೆಯದೇ, ಆದರೆ ಕಿಡ್ನಿಗೆ ಕೆಟ್ಟದ್ದು. ಅದನ್ನು 100 ನ್ಯಾನೋಮೀಟರಿಗಿಂತ ಚಿಕ್ಕ ಕೊಬ್ಬಿನ ಚೀಲಗಳ ಗೋಡೆಯಲ್ಲಿ ಕೂರಿಸಿದರೆ ಹಾನಿ ಎಷ್ಟೋ ಕಡಿಮೆ. ಆ ಚೀಲವೇ ಲೈಪೋಸೋಮ್.

ಇಂಥ ಚೀಲಗಳನ್ನು 1960ರ ದಶಕದಲ್ಲಿ ಗುರುತಿಸಿದವರು ಇಂಗ್ಲೆಂಡಿನ ಬಾಬ್ರಹಾಂನಲ್ಲಿದ್ದ ವಿಜ್ಞಾನಿ ಅಲೆಕ್ ಬ್ಯಾಂಗಮ್. ಮೊಟ್ಟೆಯಲ್ಲಿರುವ ಲೆಸಿಥಿನ್ ಎಂಬ ಕೊಬ್ಬಿನಂಥ ವಸ್ತು (ಲಿಪಿಡ್) ನೀರಿಗೆ ಬಿದ್ದರೆ ಸಾಕು, ತಾನಾಗಿಯೇ ಚೀಲವಾಗುತ್ತದೆ. ಹೊಲಿಯುವವರು ಯಾರೂ ಬೇಡ.

ಲೆಸಿಥಿನ್ ಅಣುವಿಗೆ ನೀರಿಗೆ ಒಗ್ಗುವ ಒಂದು ತಲೆ, ಒಗ್ಗದ ಎರಡು ಬಾಲ. ಬಾಲಗಳು ಒಂದನ್ನೊಂದು ಎಳೆದುಕೊಂಡು ಒಟ್ಟಾಗುತ್ತವೆ ಅನ್ನಿಸುತ್ತದೆ, ಅಲ್ವಾ? ಜಾಸ್ತಿ ಕೆಲಸ ಮಾಡುವುದು ನೀರು. ಬಾಲದ ಸುತ್ತ ಇರುವ ನೀರಿನ ಅಣುಗಳಿಗೆ ಬೇಕಾದ ಹಾಗೆ ಹೊರಳಾಡಲು ಆಗುವುದಿಲ್ಲ. ಬಾಲಗಳು ಒಂದೆಡೆ ಅವಿತುಕೊಂಡರೆ ಆ ನೀರಿಗೆ ಬಿಡುಗಡೆ. ಸೋಪಿನ ಅಣುವಿಗೆ ಒಂದೇ ಬಾಲ, ತಲೆಯ ಕಡೆ ದಪ್ಪ, ಬಾಲದ ಕಡೆ ಸಣ್ಣ. ಹಾಗಾಗಿ ಅವು ಸೇರಿದರೆ ಪುಟ್ಟ ಉಂಡೆಯಾಗುತ್ತದೆ. ಎರಡು ಬಾಲದ ಅಣು ಮೇಲಿಂದ ಕೆಳಗೆ ಹೆಚ್ಚುಕಡಿಮೆ ಒಂದೇ ದಪ್ಪ. ಅವು ಅಕ್ಕಪಕ್ಕ ನಿಂತರೆ ಎರಡು ಪದರದ ಹಾಳೆಯಾಗುತ್ತದೆ, ದಪ್ಪ 4–5 ನ್ಯಾನೋಮೀಟರ್.

ಹಾಳೆಗೆ ಅಂಚಿದೆಯಲ್ಲ, ಅಲ್ಲಿ ಬಾಲಗಳಿಗೆ ಮತ್ತೆ ನೀರಿನ ಕಾಟ. ಮಡಚಿ ಗೋಳವಾದರೆ ಅಂಚೇ ಇರುವುದಿಲ್ಲ, ಆದರೆ ಬಾಗಲೂ ಶಕ್ತಿ ಬೇಕು. ಇಲ್ಲೊಂದು ಸೊಗಸಾದ ಲೆಕ್ಕವಿದೆ. ಗೋಳ ಚಿಕ್ಕದಿರಲಿ ದೊಡ್ಡದಿರಲಿ, ಬಾಗಲು ತಗಲುವ ಒಟ್ಟು ಶಕ್ತಿ ಹೆಚ್ಚುಕಡಿಮೆ ಒಂದೇ. ಅಂಚಿನ ಖರ್ಚು ಮಾತ್ರ ಹಾಳೆಯ ಜೊತೆ ಬೆಳೆಯುತ್ತದೆ. ಹಾಗಾಗಿ ಒಂದು ಅಳತೆ ದಾಟಿದ ಹಾಳೆಗೆ ಮುಚ್ಚಿಕೊಳ್ಳುವುದೇ ಲಾಭ.

ಮುಚ್ಚಿದ ಚೀಲ ಶಾಶ್ವತವೇನಲ್ಲ. ಎಷ್ಟೋ ಲಿಪಿಡ್‌ಗಳಿಗೆ ಈರುಳ್ಳಿಯಂತೆ ಪದರದ ಮೇಲೆ ಪದರವಾಗಿರುವುದೇ ಹೆಚ್ಚು ನೆಮ್ಮದಿ. ಅಲ್ಟ್ರಾಸೌಂಡ್ ಹಾಯಿಸಿ ಅಥವಾ ಸಣ್ಣ ರಂಧ್ರದ ಸೋಸುಹಾಳೆಯಲ್ಲಿ ತೂರಿಸಿ ಮಾಡಿದ ಪುಟ್ಟ ಚೀಲಗಳು ಹಾಗೇ ಉಳಿಯಲು ಕಾರಣ, ಬದಲಾಗುವ ದಾರಿ ಕಷ್ಟದ್ದು. ಒಂಟಿ ಅಣು ಹೊರಬರಬೇಕಾದರೆ ಎರಡೂ ಬಾಲ ನೀರಿಗೊಡ್ಡಬೇಕು. ಎರಡು ಚೀಲ ಕೂಡಬೇಕಾದರೆ ತಲೆಗಳಿಗೆ ಅಂಟಿದ ನೀರನ್ನು ಹಿಂಡಿ ತೆಗೆಯಬೇಕು.

ಔಷಧ ತಯಾರಕರು ಈ ಅಡ್ಡಿಗಳನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ಆಂಫೋಟೆರಿಸಿನ್ ಚೀಲದಲ್ಲಿ ಬಿಗಿಯಾಗಿ ಜೋಡಿಸಿಕೊಳ್ಳುವ ಸೋಯಾ ಲಿಪಿಡ್ ಇದೆ, ಕೊಲೆಸ್ಟರಾಲ್ ಇದೆ, ಋಣ ವಿದ್ಯುದಂಶದ ಲಿಪಿಡ್ ಕೂಡ ಇದೆ. ಸಕ್ಕರೆ ಬೆರೆಸಿ, ಹೆಪ್ಪುಗಟ್ಟಿಸಿ, ಒಣಗಿಸಿ ಪುಡಿಯಾಗಿಡುತ್ತಾರೆ. ನರ್ಸ್ ಅದನ್ನು ಇಂಜೆಕ್ಷನ್ನಿಗೆಂದೇ ಇರುವ ಕ್ರಿಮಿರಹಿತ (ಸ್ಟೆರೈಲ್) ನೀರಿನಲ್ಲೇ ಕದಡಬೇಕು. ಸಲೈನ್ ಹಾಕುವಂತಿಲ್ಲ, ಔಷಧ ಒಡೆದು ತಳ ಸೇರಬಹುದು.