ಸೋತಾಗ ದುಪ್ಪಟ್ಟು: ರೂಲೆಟ್‌ನ ಏರಿಕೆ ಪಣಗಳ ಲೆಕ್ಕ ಮತ್ತು ಅಪಾಯ

ರೂಲೆಟ್ ಎಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಯಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಪಣ ಕಟ್ಟುವ ಜೂಜು. ಸಂಭವನೀಯತೆಯನ್ನು ಅಭ್ಯಾಸ ಮಾಡುವವರಿಗೆ ಈ ಚಕ್ರದಷ್ಟು ಸ್ವಚ್ಛವಾದ ಉದಾಹರಣೆ ಸಿಗುವುದು ಅಪರೂಪ. ಇಸ್ಪೀಟಿನಲ್ಲಿ ಎದುರಾಳಿಯ ಜಾಣ್ಮೆ, ಕುದುರೆ ಜೂಜಿನಲ್ಲಿ ಕುದುರೆಯ ಆರೋಗ್ಯ ಮತ್ತು ಸವಾರನ ಅನುಭವ, ಹೀಗೆ ಹತ್ತಾರು ಸಂಗತಿಗಳು ಲೆಕ್ಕದೊಳಗೆ ನುಸುಳುತ್ತವೆ. ಸಮತೋಲ ಕೆಡದ ರೂಲೆಟ್ ಚಕ್ರದಲ್ಲಿ ಅಂಥದ್ದು ಯಾವುದೂ ಇಲ್ಲ. ಯುರೋಪಿನ ಚಕ್ರದಲ್ಲಿ 0ಯಿಂದ 36ರವರೆಗೆ ಒಟ್ಟು 37 ಮನೆಗಳಿದ್ದು, ಅವುಗಳಲ್ಲಿ 18 ಕೆಂಪು, 18 ಕಪ್ಪು, ಸೊನ್ನೆಯ ಮನೆ ಹಸಿರು. ಕೆಂಪಿನ ಮೇಲೆ 100 ರೂಪಾಯಿ ಕಟ್ಟಿದವನಿಗೆ ಚೆಂಡು ಕೆಂಪು ಮನೆಯಲ್ಲಿ ನಿಂತರೆ ಕಟ್ಟಿದ ಹಣದ ಜೊತೆಗೆ ಇನ್ನೂ 100 ರೂಪಾಯಿ ಸಿಗುತ್ತದೆ, ಇಲ್ಲವಾದರೆ ಕಟ್ಟಿದ್ದು ಹೋಗುತ್ತದೆ. ಗೆಲುವಿನ ಸಂಭವನೀಯತೆ 18/37, ಸೋಲಿನದು 19/37. ಆದ್ದರಿಂದ ಒಂದು ರೂಪಾಯಿ ಪಣದ ನಿರೀಕ್ಷಿತ ಮೌಲ್ಯ (ಬಹಳ ಸಲ ಆಡಿದಾಗ ಪ್ರತಿ ಸುತ್ತಿಗೆ ಸರಾಸರಿ ಬರುವ ಲಾಭ ಅಥವಾ ನಷ್ಟ) 18/37 − 19/37, ಅಂದರೆ −1/37. ಶೇಕಡಾವಾರು ಹೇಳುವುದಾದರೆ ಕಟ್ಟಿದ ಹಣದಲ್ಲಿ ಸರಾಸರಿ 2.70ರಷ್ಟು ನಷ್ಟ. ಅಮೆರಿಕದ ಚಕ್ರದಲ್ಲಿ ಎರಡು ಸೊನ್ನೆಗಳ ಇನ್ನೊಂದು ಮನೆ ಸೇರಿ ಒಟ್ಟು 38 ಮನೆಗಳಾಗುವುದರಿಂದ ನಷ್ಟ 2/38ಕ್ಕೆ, ಅಂದರೆ ಶೇ 5.26ಕ್ಕೆ ಏರುತ್ತದೆ. ಸೊನ್ನೆ ಬಿದ್ದಾಗ ಅರ್ಧ ಪಣವನ್ನು ಹಿಂತಿರುಗಿಸುವ ಫ್ರೆಂಚ್ ಪದ್ಧತಿಯ ಮೇಜುಗಳಲ್ಲಿ ಅದು ಶೇ 1.35ಕ್ಕೆ ಇಳಿಯುತ್ತದೆ.

ಈ 1/37 ಎಂಬ ಭಿನ್ನರಾಶಿಯನ್ನು ಓದುಗರು ಕೊನೆಯವರೆಗೂ ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ವಿವರಿಸುವ ಪ್ರತಿಯೊಂದು ಪದ್ಧತಿಯೂ ಎಷ್ಟೇ ಬಳಸಿಕೊಂಡು ಹೋದರೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಏರಿಕೆಯ ಪಣ ಎಂದರೆ ಹಿಂದಿನ ಸುತ್ತಿನ ಫಲಿತಾಂಶವನ್ನು ನೋಡಿ ಮುಂದಿನ ಪಣದ ಮೊತ್ತವನ್ನು ಒಂದು ನಿಯಮದ ಪ್ರಕಾರ ಹೆಚ್ಚಿಸುವುದು ಅಥವಾ ಇಳಿಸುವುದು. ಶಾಲೆಯ ಗಣಿತದಲ್ಲಿ ನಾವೆಲ್ಲ ಓದಿದ ಶ್ರೇಢಿಗಳೇ ಇಲ್ಲಿಯೂ ಇವೆ: ಸೋತಾಗಲೆಲ್ಲ ದುಪ್ಪಟ್ಟು ಕಟ್ಟುತ್ತಾ ಹೋದರೆ ಅದು ಗುಣೋತ್ತರ ಶ್ರೇಢಿ, ಒಂದೊಂದೇ ಘಟಕವನ್ನು (ಆರಂಭದ ಪಣದಷ್ಟು ನಿಗದಿತ ಮೊತ್ತವನ್ನು) ಕೂಡಿಸುತ್ತಾ ಹೋದರೆ ಸಮಾಂತರ ಶ್ರೇಢಿ. ಮೊದಲನೆಯದಕ್ಕೆ ಮಾರ್ಟಿಂಗೇಲ್ ಎಂಬ ಹೆಸರಿದೆ. ಇದು 18ನೆಯ ಶತಮಾನದಲ್ಲಿಯೇ ಯುರೋಪಿನ ಜೂಜುಕೋರರಿಗೆ ಪರಿಚಿತವಾಗಿತ್ತು. ವೆನಿಸ್‌ನ ಸಾಹಸಿ, ಲೇಖಕ ಕಸನೋವ ಇಸ್ಪೀಟಾಟದಲ್ಲಿ ಇದನ್ನೇ ಅನುಸರಿಸಿ ಮೊದಲು ಗೆದ್ದು, ಆಮೇಲೆ ಕೈ ಬರಿದು ಮಾಡಿಕೊಂಡದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಮಾರ್ಟಿಂಗೇಲ್‌ನ ಲೆಕ್ಕ

ಕನಿಷ್ಠ ಪಣ 100 ರೂಪಾಯಿ, ಗರಿಷ್ಠ ಪಣ 10,000 ರೂಪಾಯಿ ಎಂಬ ಮಿತಿಯಿರುವ ಒಂದು ಮೇಜನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಆಟಗಾರ ಕೆಂಪಿನ ಮೇಲೆ 100 ಕಟ್ಟುತ್ತಾನೆ. ಸೋತರೆ 200, ಮತ್ತೆ ಸೋತರೆ 400, ಹೀಗೆ 800, 1,600, 3,200, 6,400ರವರೆಗೆ ಏರುತ್ತಾನೆ. ನಡುವೆ ಎಲ್ಲಿ ಗೆದ್ದರೂ ಅದುವರೆಗಿನ ನಷ್ಟವೆಲ್ಲ ಹಿಂತಿರುಗಿ, ಮೇಲೆ 100 ರೂಪಾಯಿ ಲಾಭ ಉಳಿಯುತ್ತದೆ. ಆಗ ಒಂದು ಸರಣಿ ಮುಗಿದು ಮತ್ತೆ 100ರಿಂದ ಹೊಸ ಸರಣಿ ಆರಂಭವಾಗುತ್ತದೆ. ಏಳು ಪಣಗಳೂ ಸೋತರೆ ಎಂಟನೆಯ ಪಣ 12,800 ಆಗಬೇಕು, ಅದಕ್ಕೆ ಮೇಜಿನ ಮಿತಿ ಅವಕಾಶ ಕೊಡುವುದಿಲ್ಲ. ಅಲ್ಲಿಗೆ ಸರಣಿ ಕುಸಿಯುತ್ತದೆ, ಒಟ್ಟು ನಷ್ಟ 12,700 ರೂಪಾಯಿ.

ಸತತ ಏಳು ಸೋಲುಗಳ ಸಂಭವನೀಯತೆ 19/37ರ ಏಳನೆಯ ಘಾತ, ಅಂದರೆ ಸುಮಾರು 0.0094, ಸರಾಸರಿ 106 ಸರಣಿಗಳಲ್ಲಿ ಒಂದು. ಉಳಿದ 99ಕ್ಕೂ ಹೆಚ್ಚು ಶೇಕಡಾ ಸರಣಿಗಳು ಲಾಭದಲ್ಲಿಯೇ ಮುಗಿಯುತ್ತವೆ. ಈ ಪದ್ಧತಿಯನ್ನು ಪ್ರಯೋಗಿಸಿ ನೋಡಿದವರು ಅದು ಫಲ ಕೊಡುತ್ತದೆಂದು ಪ್ರಾಮಾಣಿಕವಾಗಿ ನಂಬುವುದು ಇದರಿಂದಲೇ, ಮತ್ತು ಅವರ ಕಣ್ಣಿಗೆ ಬಿದ್ದದ್ದು ಸುಳ್ಳೂ ಅಲ್ಲ. ಆದರೆ ಸರಾಸರಿ 105 ಸರಣಿಗಳಲ್ಲಿ ನೂರು ನೂರಾಗಿ ಕೂಡಿಟ್ಟದ್ದು 10,500 ರೂಪಾಯಿ, 106ನೆಯದು ಒಂದೇ ಏಟಿಗೆ ಒಯ್ಯುವುದು 12,700 ರೂಪಾಯಿ. ನಿಖರವಾಗಿ ಗುಣಿಸಿ ಕೂಡಿದರೆ ಪ್ರತಿ ಸರಣಿಯ ನಿರೀಕ್ಷಿತ ನಷ್ಟ ಸುಮಾರು 20 ರೂಪಾಯಿ 50 ಪೈಸೆ. ಒಂದು ಸರಣಿಗೆ ಸರಾಸರಿ ಎರಡು ಸುತ್ತುಗಳು ಸಾಕಾಗುವುದರಿಂದ 106 ಸರಣಿಗಳೆಂದರೆ ಸುಮಾರು 216 ಸುತ್ತುಗಳು. ಗಂಟೆಗೆ 40 ಸಲ ಚಕ್ರ ತಿರುಗುತ್ತದೆ ಎಂದುಕೊಂಡರೆ ಐದೂವರೆ ಗಂಟೆಯ ಆಟ. ಅಂದರೆ ಕುಸಿತವು ಜನ್ಮಕ್ಕೊಮ್ಮೆ ಬರುವ ದುರ್ದೈವವಲ್ಲ, ಒಂದು ರಾತ್ರಿಯ ಆಟದೊಳಗೇ ನಿರೀಕ್ಷಿಸಬೇಕಾದ ಘಟನೆ.

ಇಲ್ಲಿ ಕಲಿಯುವವರು ಸ್ವತಃ ಮಾಡಿ ನೋಡಬೇಕಾದ ಒಂದು ಲೆಕ್ಕವಿದೆ. ಒಂದು ಸರಣಿಯಲ್ಲಿ ಆಟಗಾರ ಸರಾಸರಿ ಎಷ್ಟು ಹಣ ಕಟ್ಟುತ್ತಾನೆ? ಎರಡನೆಯ ಪಣಕ್ಕೆ ಹೋಗುವ ಸಂಭವನೀಯತೆ 19/37, ಆ ಪಣ ಮೊದಲಿನದರ ಎರಡರಷ್ಟು, ಆದ್ದರಿಂದ ಅದರ ಸರಾಸರಿ ಪಾಲು 100 × 38/37. ಮೂರನೆಯದರದು 100 × (38/37)ರ ವರ್ಗ. ಹೀಗೆ ಏಳು ಪದಗಳನ್ನು ಕೂಡಿದರೆ ಸುಮಾರು 759 ರೂಪಾಯಿ. ಈಗ 759ನ್ನು 37ರಿಂದ ಭಾಗಿಸಿದರೆ ಬರುವುದು ಅದೇ 20 ರೂಪಾಯಿ 50 ಪೈಸೆ. ನಾನು ಮೊದಲ ಸಲ ಈ ಎರಡು ಉತ್ತರಗಳು ಕೂಡಿಬಂದದ್ದನ್ನು ಕಂಡಾಗಲೇ ವಿಷಯ ಮನಸ್ಸಿಗೆ ಇಳಿಯಿತು. ಪಣವನ್ನು ಹೇಗೆ ಏರಿಸಿದರೂ ಇಳಿಸಿದರೂ, ಮೇಜಿನ ಮೇಲೆ ಇಟ್ಟ ಪ್ರತಿ ರೂಪಾಯಿಯ ಮೇಲೂ 1/37 ಕಳೆದೇ ತೀರುತ್ತದೆ. ಪದ್ಧತಿಯು ನಷ್ಟದ ಹಂಚಿಕೆಯನ್ನು ಮಾತ್ರ ಬದಲಿಸುತ್ತದೆ: ಆಗಾಗ ಸ್ವಲ್ಪ ಸ್ವಲ್ಪ ಸೋಲುವುದರ ಬದಲು ಅಪರೂಪಕ್ಕೆ ಬಹಳ ದೊಡ್ಡದಾಗಿ ಸೋಲುವಂತೆ ಮಾಡುತ್ತದೆ.

ಮೇಜಿಗೆ ಮಿತಿಯೇ ಇಲ್ಲದಿದ್ದರೆ, ಕೈಯಲ್ಲಿ ಹಣವೂ ಅಪಾರವಾಗಿದ್ದರೆ ಗೆಲುವು ಖಚಿತವಲ್ಲವೇ ಎಂಬ ಪ್ರಶ್ನೆ ಸಹಜ. ಎಂದಾದರೊಮ್ಮೆ ಕೆಂಪು ಬೀಳುವ ಸಂಭವನೀಯತೆ 1 ಎಂಬುದು ನಿಜ. ಆದರೆ ಮೇಲೆ ಕೂಡಿದ ಶ್ರೇಢಿಯ ಸಾಮಾನ್ಯ ಅನುಪಾತ 38/37, ಅದು 1ಕ್ಕಿಂತ ಹೆಚ್ಚು. ಹೀಗಾಗಿ ಪದಗಳು ಮುಂದುವರಿದಂತೆ ಮೊತ್ತ ಯಾವ ಸಂಖ್ಯೆಯಲ್ಲಿಯೂ ನಿಲ್ಲದೆ ಅನಂತಕ್ಕೆ ಹೋಗುತ್ತದೆ. ನೂರು ರೂಪಾಯಿಯ ಖಚಿತ ಲಾಭಕ್ಕಾಗಿ ಸರಾಸರಿ ಅನಂತ ಹಣ ಕಟ್ಟಬೇಕಾಗುತ್ತದೆ ಎಂದಾಯಿತು. 20ನೆಯ ಶತಮಾನದಲ್ಲಿ ಜಾನ್ ವೀಲ್, ಜೋಸೆಫ್ ಡೂಬ್ ಮೊದಲಾದ ಗಣಿತಜ್ಞರು ಮಾರ್ಟಿಂಗೇಲ್ ಎಂಬ ಇದೇ ಹೆಸರನ್ನು ಸಂಭವನೀಯತಾ ಸಿದ್ಧಾಂತದ ಒಂದು ಪ್ರಮುಖ ಪರಿಕಲ್ಪನೆಗೆ ಇಟ್ಟರು. ಡೂಬ್ ಹೆಸರಿನ ಪ್ರಮೇಯ ಹೇಳುವುದೂ ಇದನ್ನೇ: ಕಾಲ ಮತ್ತು ಹಣ ಎರಡಕ್ಕೂ ಮಿತಿಯಿರುವಾಗ, ಯಾವಾಗ ಆಟ ನಿಲ್ಲಿಸಬೇಕೆಂಬ ಯಾವ ಜಾಣ ನಿಯಮವೂ ನ್ಯಾಯವಾದ ಆಟವನ್ನು, ಅಂದರೆ ನಿರೀಕ್ಷಿತ ಮೌಲ್ಯ ಸೊನ್ನೆಯಾದ ಆಟವನ್ನು, ಲಾಭದ ಆಟವಾಗಿ ಮಾಡಲಾರದು. ರೂಲೆಟ್ ನ್ಯಾಯವಾದ ಆಟವೂ ಅಲ್ಲ.

ಇನ್ನೊಂದು ಹೋಲಿಕೆ ನನಗೆ ಬಹಳ ಮುಖ್ಯವೆನಿಸುತ್ತದೆ. 12,700 ರೂಪಾಯಿ ಹಿಡಿದು ಬಂದವನು ಅದನ್ನು ಎರಡರಷ್ಟು ಮಾಡಬೇಕೆಂದರೆ ಮೇಲಿನ ಪದ್ಧತಿಯಲ್ಲಿ 127 ಸರಣಿಗಳನ್ನು ಒಂದೂ ಕುಸಿಯದಂತೆ ಮುಗಿಸಬೇಕು. ಅದರ ಸಂಭವನೀಯತೆ ಸುಮಾರು ಶೇ 30. ಮಿತಿಯಿಲ್ಲದ ಮೇಜಿನಲ್ಲಿ ಇಡೀ 12,700ನ್ನು ಒಮ್ಮೆಲೇ ಕೆಂಪಿನ ಮೇಲೆ ಇಟ್ಟವನಿಗೆ ಅದೇ ಗುರಿ ತಲುಪುವ ಸಂಭವನೀಯತೆ ಶೇ 48.65. ನಡುವೆ ಕುಸಿದವನ ಕೈಯಲ್ಲಿ ಅದುವರೆಗಿನ ಸಣ್ಣ ಗೆಲುವುಗಳು ಉಳಿದಿರುತ್ತವೆ ಎಂಬುದನ್ನು ಗಮನಿಸಬೇಕು, ಆದ್ದರಿಂದ ಎರಡೂ ಸಂಪೂರ್ಣ ಒಂದೇ ಅಳತೆಯವಲ್ಲ. ಆದರೂ ತಾಳ್ಮೆಯ, ಶಿಸ್ತಿನ ಆಟವೇ ಸುರಕ್ಷಿತ ಎಂಬ ನಮ್ಮ ಸಹಜ ಭಾವನೆ ಇಲ್ಲಿ ತಲೆಕೆಳಗಾಗುತ್ತದೆ. ಕಾರಣ ಸರಳ: ಹೆಚ್ಚು ಸುತ್ತು ಆಡಿದಷ್ಟೂ ಮೇಜಿನ ಮೇಲೆ ಹರಿಯುವ ಹಣ ಹೆಚ್ಚು, ಹರಿದ ಹಣದ 1/37 ಅಲ್ಲಿಯೇ ಉಳಿಯುತ್ತದೆ.

ಚೆಂಡಿಗೆ ನೆನಪಿಲ್ಲ

ಇಷ್ಟು ಸಲ ಕಪ್ಪು ಬಿದ್ದ ಮೇಲೆ ಇನ್ನಾದರೂ ಕೆಂಪು ಬೀಳಲೇಬೇಕು ಎಂಬ ನಂಬಿಕೆಯೇ ಏರಿಕೆಯ ಪಣಗಳಿಗೆ ಧೈರ್ಯ ತುಂಬುವುದು. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದ ಒಂದು ಮೇಜಿನಲ್ಲಿ ಚೆಂಡು ಸತತವಾಗಿ 26 ಸಲ ಕಪ್ಪು ಮನೆಯಲ್ಲಿ ನಿಂತಿತು. ಸರಣಿ ಉದ್ದವಾದಂತೆ ಜನ ಕೆಂಪಿನ ಮೇಲೆ ಪಣವನ್ನು ಏರಿಸುತ್ತಾ ಹೋಗಿ ಅಪಾರ ಹಣ ಕಳೆದುಕೊಂಡರು. ಯಾವುದೋ ಒಂದು ಸುತ್ತಿನಿಂದ ಆರಂಭಿಸಿ ಮುಂದಿನ 26 ಸುತ್ತುಗಳೂ ಕಪ್ಪೇ ಆಗುವ ಸಂಭವನೀಯತೆ ಸುಮಾರು 13.7 ಕೋಟಿಯಲ್ಲಿ ಒಂದು. ಆದರೆ 25 ಕಪ್ಪುಗಳು ಬಿದ್ದಾದ ಮೇಲೆ 26ನೆಯದೂ ಕಪ್ಪಾಗುವ ಸಂಭವನೀಯತೆ ಯಾವತ್ತಿನಂತೆ 18/37 ಮಾತ್ರ. ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡಲು ಕಲಿತರೆ ಸ್ವತಂತ್ರ ಘಟನೆ ಎಂಬ ಪದದ ಅರ್ಥ ಪೂರ್ಣವಾಗಿ ತಿಳಿದಂತೆ.

ಇದೇ ತಪ್ಪಿನ ಸೂಕ್ಷ್ಮ ರೂಪವೊಂದು ದಾಲಂಬೇರ್ ಪದ್ಧತಿಯಲ್ಲಿದೆ. ಅದು ಸಮಾಂತರ ಶ್ರೇಢಿಯದು: ಸೋತರೆ ಪಣಕ್ಕೆ ಒಂದು ಘಟಕ ಸೇರಿಸಬೇಕು, ಗೆದ್ದರೆ ಒಂದು ಘಟಕ ಕಳೆಯಬೇಕು. ಗೆಲುವು ಸೋಲುಗಳ ಸಂಖ್ಯೆ ಸಮವಾದ ಕ್ಷಣದಲ್ಲಿ, ಅವು ಯಾವ ಕ್ರಮದಲ್ಲಿ ಬಂದಿದ್ದರೂ, ಪ್ರತಿ ಗೆಲುವಿಗೆ ಒಂದು ಘಟಕದಂತೆ ಲಾಭ ಉಳಿಯುತ್ತದೆ. ಕಾಗದದ ಮೇಲೆ ಇದು ನಿಜಕ್ಕೂ ಸುಂದರವಾದ ಫಲಿತಾಂಶ. ತೊಡಕು ಇರುವುದು ಅವು ಸಮವಾಗಿಯೇ ತೀರುತ್ತವೆ ಎಂಬ ಊಹೆಯಲ್ಲಿ. ದೊಡ್ಡ ಸಂಖ್ಯೆಗಳ ನಿಯಮವು ಗೆಲುವಿನ ಪ್ರಮಾಣ 18/37ರ ಕಡೆಗೆ ಸರಿಯುತ್ತದೆ ಎನ್ನುತ್ತದೆಯೇ ಹೊರತು ಗೆಲುವು ಸೋಲುಗಳ ನಡುವಿನ ಅಂತರ ಅಳಿಯುತ್ತದೆ ಎನ್ನುವುದಿಲ್ಲ. 3,700 ಸುತ್ತುಗಳಲ್ಲಿ ಸೋಲುಗಳು ಗೆಲುವುಗಳಿಗಿಂತ ಸರಾಸರಿ 100ರಷ್ಟು ಹೆಚ್ಚಿರುತ್ತವೆ, ಅಂದರೆ ಆ ಹೊತ್ತಿಗೆ ಪಣವು ಸರಾಸರಿ ನೂರು ಘಟಕ ಮೇಲೇರಿರುತ್ತದೆ. ಪದ್ಧತಿಗೆ ಯಾರ ಹೆಸರಿದೆಯೋ ಆ ಜಾನ್ ಲೆ ರೋನ್ ದಾಲಂಬೇರ್ (1717–1783) ಯಂತ್ರಶಾಸ್ತ್ರದಲ್ಲಿ ಅಪ್ರತಿಮ ಪಂಡಿತರಾಗಿದ್ದರೂ, ಎರಡು ಸಲ ನಾಣ್ಯ ಚಿಮ್ಮಿದಾಗ ಒಮ್ಮೆಯಾದರೂ ತಲೆ ಬೀಳುವ ಸಂಭವನೀಯತೆ 3/4ರ ಬದಲು 2/3 ಎಂದು ವಾದಿಸಿದ್ದರು. ಅಂಥವರೂ ಎಡವಿದ ಜಾಗ ಇದು ಎಂಬುದನ್ನು ನೆನೆದರೆ, ಇಲ್ಲಿ ತಪ್ಪುವ ವಿದ್ಯಾರ್ಥಿ ನಾಚಿಕೊಳ್ಳಬೇಕಾಗಿಲ್ಲ.

ಫಿಬೊನಾಚಿ ಪದ್ಧತಿಯಲ್ಲಿ ಪಣಗಳು 1, 1, 2, 3, 5, 8, 13 ಎಂದು ಏರುತ್ತವೆ. ಸೋತರೆ ಒಂದು ಹೆಜ್ಜೆ ಮುಂದೆ, ಗೆದ್ದರೆ ಎರಡು ಹೆಜ್ಜೆ ಹಿಂದೆ. (ನಮ್ಮ ಛಂದಶ್ಶಾಸ್ತ್ರಜ್ಞರು ಲಘು ಗುರುಗಳ ಜೋಡಣೆಯನ್ನು ಎಣಿಸುವಾಗ ಕಂಡುಕೊಂಡ, ಹೇಮಚಂದ್ರರು ವಿವರಿಸಿದ ಸಂಖ್ಯೆಗಳೇ ಇವು.) ಸತತ ಹತ್ತು ಸೋಲಿಗೆ ಮಾರ್ಟಿಂಗೇಲ್ 1,023 ಘಟಕಗಳನ್ನು ಕಳೆದರೆ ಇದು 143ನ್ನು ಕಳೆಯುತ್ತದೆ, ಆದರೆ ಒಂದೇ ಗೆಲುವು ಎಲ್ಲ ನಷ್ಟವನ್ನೂ ತುಂಬಿಕೊಡುವುದಿಲ್ಲ. ಇಂಗ್ಲೆಂಡಿನ ರಾಜಕಾರಣಿ ಹೆನ್ರಿ ಲಬೂಶೇರ್ ಅವರ ಹೆಸರಿನ ಪದ್ಧತಿಯಲ್ಲಿ 1, 2, 3, 4 ಎಂಬಂಥ ಸಾಲೊಂದನ್ನು ಬರೆದುಕೊಂಡು, ಎರಡು ತುದಿಗಳ ಮೊತ್ತವನ್ನು ಕಟ್ಟಿ, ಗೆದ್ದರೆ ಆ ಎರಡನ್ನೂ ಹೊಡೆದುಹಾಕಿ, ಸೋತರೆ ಸೋತ ಮೊತ್ತವನ್ನು ಸಾಲಿನ ಕೊನೆಗೆ ಸೇರಿಸುತ್ತಾರೆ. ಗೆಲುವು ಎರಡು ಸಂಖ್ಯೆಗಳನ್ನು ಅಳಿಸಿ ಸೋಲು ಒಂದನ್ನಷ್ಟೇ ಸೇರಿಸುವುದರಿಂದ ಸಾಲು ಬೇಗ ಮುಗಿಯುವಂತೆ ತೋರುತ್ತದೆ. ಆದರೆ ಮೊದಲ ಐದು ಪಣಗಳು ಸೋತರೆ 10 ಘಟಕಗಳ ಗುರಿಗಾಗಿ ಆಗಲೇ 35 ಹೋಗಿರುತ್ತವೆ. ಗೆದ್ದಾಗ ಮಾತ್ರ ದುಪ್ಪಟ್ಟು ಮಾಡುವ ಪರೋಲಿ ಇವೆಲ್ಲಕ್ಕೆ ತಿರುವುಮುರುವಾದದ್ದು, ಮತ್ತು ಒಂದು ಸರಣಿಯಲ್ಲಿ ಒಂದು ಘಟಕಕ್ಕಿಂತ ಹೆಚ್ಚು ಕಳೆಯದ ಕಾರಣ ಕಡಿಮೆ ಅಪಾಯದ್ದು. ಸತತ ಮೂರು ಗೆಲುವಿಗೆ 7 ಘಟಕಗಳ ಲಾಭ, ಅದರ ಸಂಭವನೀಯತೆ ಶೇ 11.5, ನಿರೀಕ್ಷಿತ ಮೌಲ್ಯ ಇಲ್ಲಿಯೂ ಋಣವೇ.

ಲೆಕ್ಕದಿಂದಾಚೆಯ ಅಪಾಯ

ಮಾರ್ಟಿಂಗೇಲ್‌ನ ಆರು ಪಣಗಳನ್ನು ಸೋತು ಏಳನೆಯದಕ್ಕೆ ನಿಂತವನ ಸ್ಥಿತಿಯನ್ನು ಗಮನಿಸಿ. 6,300 ರೂಪಾಯಿ ಹೋಗಿದೆ, ಈಗ 6,400 ಕಟ್ಟಬೇಕು, ಸೋಲಿನ ಸಂಭವನೀಯತೆ ಶೇ 51.35, ಗೆದ್ದರೆ ಇಡೀ ಸರಣಿಯಿಂದ ಸಿಗುವುದು 100 ರೂಪಾಯಿ. ಆರಂಭದಲ್ಲಿ ಯಾರೂ ಇಂಥ ಪಣಕ್ಕೆ ಒಪ್ಪುವುದಿಲ್ಲ, ಆದರೆ ನಿಯಮವು ಮೆಟ್ಟಿಲು ಮೆಟ್ಟಿಲಾಗಿ ಅಲ್ಲಿಗೇ ಕರೆದೊಯ್ಯುತ್ತದೆ. ಪಗಡೆಯ ಸಭೆಯಲ್ಲಿ ಧರ್ಮರಾಯ ಸಂಪತ್ತನ್ನು, ರಾಜ್ಯವನ್ನು, ತಮ್ಮಂದಿರನ್ನು, ತನ್ನನ್ನು, ಕೊನೆಗೆ ದ್ರೌಪದಿಯನ್ನು ಒಡ್ಡಿದ ಕ್ರಮವನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಸೋತದ್ದನ್ನು ಮುಂದಿನ ದೊಡ್ಡ ಪಣದಿಂದ ಮರಳಿ ಪಡೆಯುವ ಆಸೆಯ ಚಿತ್ರ ಅದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿಯೂ ನನಗೆ ಕಂಡಿಲ್ಲ.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯು ಜೂಜಿನ ಗೀಳನ್ನು ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನಗಳ ಸಾಲಿಗೆ ಸೇರಿಸಿತು. ಅದು ಪಟ್ಟಿ ಮಾಡುವ ಲಕ್ಷಣಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತವೆ: ಹಣದ ಮೊತ್ತವನ್ನು ಏರಿಸುತ್ತಾ ಹೋಗುವ ಅಗತ್ಯ, ಮತ್ತು ಕಳೆದುಕೊಂಡದ್ದನ್ನು ಮರಳಿ ಗಳಿಸಲು ಮತ್ತೆ ಮತ್ತೆ ಆಟಕ್ಕೆ ಮರಳುವುದು. ವೈದ್ಯರು ರೋಗಲಕ್ಷಣವೆಂದು ಗುರುತಿಸುವ ನಡವಳಿಕೆಯನ್ನೇ ಏರಿಕೆಯ ಪಣವು ನಿಯಮವಾಗಿ ಬೋಧಿಸುತ್ತದೆ, ಮತ್ತು ಅದಕ್ಕೆ ಗಣಿತದ ಗೌರವವನ್ನೂ ತೊಡಿಸುತ್ತದೆ. ನನ್ನ ಮಟ್ಟಿಗೆ ಇದು ನಿರೀಕ್ಷಿತ ನಷ್ಟಕ್ಕಿಂತ ದೊಡ್ಡ ಹಾನಿ. ಕರ್ನಾಟಕದಿಂದ ಅನೇಕರು ಪಣಜಿಗೆ ಹೋಗಿ ಮಾಂಡವಿ ನದಿಯ ಹಡಗುಗಳಲ್ಲಿರುವ ಕ್ಯಾಸಿನೊಗಳಲ್ಲಿ ಆಡುತ್ತಾರೆ. ಅಲ್ಲಿ ಪ್ರಯಾಣದ ದೂರವಾದರೂ ಒಂದು ತಡೆ. ಮೊಬೈಲ್ ಪರದೆಯ ರೂಲೆಟ್‌ನಲ್ಲಿ ಆ ತಡೆಯೂ ಇಲ್ಲ, ಸುತ್ತುಗಳ ವೇಗವೂ ಹೆಚ್ಚು. ಕೇಂದ್ರ ಸರ್ಕಾರ 2025ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕಾಯ್ದೆಯ ಮೂಲಕ ನಿಷೇಧಿಸಿದೆ. ತಮಗೋ ಮನೆಯವರಿಗೋ ಈ ಗೀಳು ಅಂಟಿದೆ ಎನಿಸಿದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಅಭ್ಯಾಸಕ್ಕಾಗಿ ಮೇಲಿನ ಏಳು ಪಣಗಳ ಲೆಕ್ಕವನ್ನು ಅಮೆರಿಕದ ಚಕ್ರಕ್ಕೆ ಅನ್ವಯಿಸಿ ನೋಡಿ. ಸೋಲಿನ ಸಂಭವನೀಯತೆ 20/38. ಅದರ ಏಳನೆಯ ಘಾತ ಸುಮಾರು 0.0112, ಅಂದರೆ ಸುಮಾರು 89 ಸರಣಿಗಳಲ್ಲಿ ಒಂದು ಕುಸಿತ. ಪ್ರತಿ ಸರಣಿಯ ನಿರೀಕ್ಷಿತ ಮೌಲ್ಯವನ್ನು 100 − 12,800 × 0.0112 ಎಂದು ಬರೆಯಬಹುದು (ಹೀಗೆ ಏಕೆ ಬರೆಯಬಹುದೆಂದು ಮೊದಲು ಸಾಧಿಸಿಕೊಳ್ಳಿ), ಉತ್ತರ ಸುಮಾರು 43 ರೂಪಾಯಿ ನಷ್ಟ. ಸರಣಿಯೊಂದಕ್ಕೆ ಕಟ್ಟುವ ಸರಾಸರಿ ಹಣವನ್ನೂ ಬೇರೆಯಾಗಿ ಕಂಡುಹಿಡಿದು 19ರಿಂದ ಭಾಗಿಸಿದಾಗ ಅದೇ 43 ಬಂದರೆ ನಿಮ್ಮ ಲೆಕ್ಕ ಸರಿಯಾಗಿದೆ.